ಹತ್ತು ಟನ್ನಿನ ಕಲ್ಲು

ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕೂತ ಗ್ರೀಸು ಹೋಗಲೊಲ್ಲದು. ರಂಗಮ್ಮ ಲಾರಿಯಿಂದ ತರಿಸಿದ ಡೀಸೆಲ್ಲಿನಲ್ಲಿ ಬಟ್ಟೆಯ ಚೂರು ಅದ್ದಿ, ಹಿಡಿಕಡ್ಡಿಯ ತುದಿಗೆ ಸುತ್ತಿಕೊಂಡು, ತಮ್ಮನ ಉಗುರಿನೊಳಗೆ ಮೆಲ್ಲಗೆ ಆಡಿಸುತ್ತಿದ್ದಳು. ಉಳಿದ ನಾಲ್ಕು ಬೆರಳು ಮುಗಿದಿದ್ದವು. ಬೆಳಿಗ್ಗೆ ಆಸ್ಪತ್ರೆಯಿಂದ ಬಂದ ಹೆಣವನ್ನು ಗಂಡಸರು ಮೀಯಿಸಿ, ಬಿಳಿ ಪಂಚೆ ಉಡಿಸಿ, ಜಗಲಿಯ ಮೇಲೆ ಮಲಗಿಸಿ ಅರ್ಧ ಗಂಟೆಯಾಗಿತ್ತು. ಎದೆಯನ್ನು ಯಾರೂ ನೋಡದ ಹಾಗೆ ದಪ್ಪ ಕಂಬಳಿ ಹೊದಿಸಿದ್ದರು. ಹೊರಗೆ ಉಳಿದದ್ದು ಮುಖ, ಮತ್ತೆ ಎರಡು ಕೈ.

"ಬಿಡಿ ದೊಡ್ಡಮ್ಮ. ಅದು ಮೂವತ್ತು ವರ್ಷದ್ದು, ಹೋಗಲ್ಲ" ಅಂದ ಪೂರ್ಣೇಶ್.

ಪೂರ್ಣೇಶ್ ಕಲ್ಲಿನ ಯಾರ್ಡಿನಲ್ಲಿ ಕ್ರೇನು ನಡೆಸುವವನು. ನಿನ್ನೆ ಮಧ್ಯಾಹ್ನ ಒಂಬತ್ತು ಟನ್ನಿನ ಕಲ್ಲು ಲಾರಿಯ ಮೇಲೆ ಜಾರುವಾಗ ಮೇಲಿನ ಕ್ಯಾಬಿನ್ನಿನಲ್ಲಿ ಕೂತಿದ್ದವನು ಅವನೇ. ಆಗಿನಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಯಾರು ಕರೆದರೂ ಬಲಗೈಯನ್ನು ಕಂಕುಳಲ್ಲಿ ಇಟ್ಟುಕೊಂಡೇ ತಿರುಗಿ ನೋಡುತ್ತಿದ್ದ.

"ಹೋಗದಿದ್ರೆ ಇರ್ಲಿ. ನಾನು ತಿಕ್ಕೋದು ತಿಕ್ತೀನಿ" ಅಂದಳು ರಂಗಮ್ಮ.

ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದರು. ಬಿದಿರಿಗೆ ಹುರಿ ಬಿಗಿಯುತ್ತಿದ್ದವನು ರವೀಶ್, ದಾಯಾದಿಯ ಮಗ. ಸತ್ತ ಮಂಜುನಾಥಪ್ಪನಿಗೆ ಗಂಡುಮಕ್ಕಳಿಲ್ಲದ್ದರಿಂದ ಬೆಂಕಿ ಹಿಡಿಯುವವನೂ ಅವನೇ ಎಂದು ತೀರ್ಮಾನವಾಗಿತ್ತು. ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದ ಮುದುಕನೊಬ್ಬ, "ಸಮಾ ಎಳಿಯೋ ಮಾರಾಯ. ಇಲ್ದಿದ್ರೆ ಮಂಜಣ್ಣ ಎದ್ದು ಕೂತ್ಕಂಡು ಚೆಕ್ ಮಾಡ್ತಾನೆ" ಅಂದ. ನಾಲ್ಕೈದು ಜನ ನಕ್ಕರು. ನಗು ಅರ್ಧಕ್ಕೇ ನಿಂತಿತು.

ಅವನು ಹೇಳಿದ್ದು ಸುಳ್ಳಲ್ಲ. ಮಂಜುನಾಥಪ್ಪ ಎಲ್ಲಿ ಹೋದರೂ ತೂಗುವ ವಸ್ತು ಕಂಡರೆ ಸುಮ್ಮನಿರುತ್ತಿರಲಿಲ್ಲ. ಬೇರೆಯವರ ಬಾವಿಯ ರಾಟೆ, ಮದುವೆಮನೆಯ ಜೋಕಾಲಿ, ದೀಪದ ಸರಪಳಿ, ಎಲ್ಲವನ್ನೂ ಎರಡು ಸಲ ಜಗ್ಗಿ ನೋಡಬೇಕು. ಇದೇ ರವೀಶನ ಮಗಳ ನಾಮಕರಣದಲ್ಲಿ ತೊಟ್ಟಿಲು ಕಟ್ಟಿದ ಕೊಕ್ಕೆಗೆ ಎರಡೂ ಕೈ ಹಾಕಿ, ಕಾಲು ಮಡಚಿ ನೇತಾಡಿಬಿಟ್ಟ. ತೊಲೆ ಕಿರ್ರೆಂದಿತು. ರವೀಶನ ಅಜ್ಜಿ, ಮಗೂಗಿಂತ ಮುಂಚೆ ಮಗೂನ ಅಜ್ಜ ತೊಟ್ಲು ಹತ್ತಿದಾನೆ ನೋಡಿ ಎಂದು ಬೈದಳು. ಏಣಿ ಹಾಕಿ ನೋಡಿದರೆ ತೊಲೆಯ ಒಳಗನ್ನೆಲ್ಲ ಗೆದ್ದಲು ತಿಂದಿತ್ತು. ಆ ಕತೆಯನ್ನು ರವೀಶ್ ಈಗ ಇನ್ನೊಮ್ಮೆ ಹೇಳಿದ. ಹೇಳಿ, ಹುರಿಯ ಗಂಟು ಬಿಗಿದು, ದನಿ ತಗ್ಗಿಸಿದ.

"ಎಲ್ಲಾ ಸರಿ. ಆದ್ರೆ ಯಾರ್ಡಿನ ಮೂಲೇಲಿರೋ ದೇವ್ರ ಕಲ್ಲಿಗೆ ಕೈ ಹಾಕ್ಬಾರ್ದಿತ್ತು. ಮೊನ್ನೆ ಶನಿವಾರ ತಗಡು ಬಿಚ್ಚಿ ಅಂದ್ನಲ್ಲ, ಮೂರೇ ದಿನ ನೋಡಿ."

"ದೇವ್ರ ತಲೆ ಮೇಲಿನ ಮಾಡು ಬಿಚ್ಚು ಅಂದ್ರೆ ಅದು ಸುಮ್ನೆ ಇರ್ತದಾ?" ಅಂದ ಮುದುಕ.

ರಂಗಮ್ಮನ ಕೈ ನಿಂತುಹೋಯಿತು. ಆ ಕಲ್ಲನ್ನು ದೇವರು ಮಾಡಿದವಳು ಅವಳು. ತಗಡು ಬಿಚ್ಚಬೇಡಿ ಅಂದವಳೂ ಅವಳೇ. ಯಾಕೆ ಬಿಚ್ಚಬೇಕಾಗಿತ್ತು ಎಂಬುದು ತಮ್ಮನಿಗೆ ಗೊತ್ತಿತ್ತು. ಅದನ್ನು ಅವನು ಅವಳಿಗೆ ಹೇಳಿದ್ದ. ಈಗ ಅವನ ಬಾಯಿಗೆ ಅಕ್ಕಿಕಾಳು ಹಾಕಿಯಾಗಿತ್ತು. ಹೆಣ ಏಳುವುದರೊಳಗೆ ನಾಲ್ಕು ಜನರ ಎದುರು ಅದನ್ನು ಹೇಳಿಬಿಡಬೇಕು. ಹೆಣ ಎದ್ದ ಮೇಲೆ ಗಂಡಸರು ಅತ್ತ ಹೋಗುತ್ತಾರೆ, ಹೆಂಗಸರು ಇತ್ತ ಉಳಿಯುತ್ತಾರೆ. ಇವತ್ತು ಅವನನ್ನು ಎಂಥವನು ಎಂದು ಹೇಳಿ ಹೊರುತ್ತಾರೋ ಊರಿನ ಬಾಯಲ್ಲಿ ಅವನು ಕೊನೆತನಕ ಅಂಥವನೇ.

*

ಯಾರ್ಡು ಇರುವುದು ರಿಪ್ಪನ್‌ಪೇಟೆಯಿಂದ ಹೊಸನಗರಕ್ಕೆ ಹೋಗುವ ದಾರಿಯಲ್ಲಿ. ಬಯಲುಸೀಮೆಯ ಕ್ವಾರಿಗಳಿಂದ ಬರುವ ದೊಡ್ಡ ದೊಡ್ಡ ಕಲ್ಲುಗಳನ್ನು ಇಳಿಸಿ, ಕೊಯ್ದು, ಹಲಗೆ ಮಾಡಿ ಕಳಿಸುವ ಜಾಗ. ಅಂಗಳದ ಎರಡು ಬದಿಯಲ್ಲೂ ರೈಲಿನ ಹಳಿಯಂಥ ಹಳಿ. ಅದರ ಮೇಲೆ ನಾಲ್ಕು ಕಾಲೂರಿ ನಿಂತ ಗ್ಯಾಂಟ್ರಿ ಕ್ರೇನು. ಅದರ ಯೋಗಕ್ಷೇಮ ಮಂಜುನಾಥಪ್ಪನದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಎಲ್ಲೋ ಅಣೆಕಟ್ಟೆಯ ಗೇಟು ಎತ್ತುವ ಕ್ರೇನಿನಲ್ಲಿ ಖಲಾಸಿಯಾಗಿ ಸೇರಿ, ಅಲ್ಲಿಯ ಹಳೇ ಮೆಕ್ಯಾನಿಕ್ಕನ ಹಿಂದೆ ಎಂಟು ವರ್ಷ ತಿರುಗಿ ಕಲಿತದ್ದು. ರಂಗಮ್ಮ ಗಂಡ ಸತ್ತು ತವರಿಗೆ ಬಂದಾಗ ಅವಳನ್ನು ಯಾರ್ಡಿನಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿಸಿದವನು ಅವನೇ. ಅವಳಿಗಿಂತ ಹನ್ನೊಂದು ವರ್ಷ ಚಿಕ್ಕವನು. ತಾಯಿ ಸತ್ತಾಗ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳು.

ಅಮಾವಾಸ್ಯೆಯ ದಿನ ಯಾರ್ಡಿಗೆ ರಜೆ. ಅವತ್ತು ಮಂಜುನಾಥಪ್ಪನಿಗೆ ಮಾತ್ರ ಕೆಲಸ. ಹತ್ತಿಬಟ್ಟೆಯನ್ನು ಅಂಗೈಯಲ್ಲಿ ಹಿಡಿದು ವೈರ್‌ರೋಪನ್ನು ಉದ್ದಕ್ಕೂ ಸವರುತ್ತಾ ಹೋಗುವನು. ಎಲ್ಲಾದರೂ ಎಳೆ ತುಂಡಾಗಿದ್ದರೆ ಬಟ್ಟೆ ಸಿಕ್ಕಿಕೊಳ್ಳುವುದು. ಹುಕ್ಕಿನ ಬಾಯಿ ಅಗಲವಾಗಿದೆಯೋ ಎಂದು ಅಳೆಯುವನು. ಮೇಲೆ ಹೋದ ಹುಕ್ಕು ತಾನಾಗಿ ನಿಲ್ಲುತ್ತದೋ ನೋಡುವನು. ಗಾಲಿ, ಹಳಿ, ಬೋಲ್ಟು ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿ ಕೇಳುವನು. ಎಲ್ಲ ಮುಗಿದ ಮೇಲೆ ಕೊನೆಗೆ ಬ್ರೇಕು.

ಬ್ರೇಕಿನ ಪರೀಕ್ಷೆಗೆಂದೇ ಮೂಲೆಯಲ್ಲಿ ಒಂದು ಕರಿಕಲ್ಲು ಇಟ್ಟಿದ್ದರು. ಹತ್ತು ಟನ್ನು, ಆ ಕ್ರೇನು ಹೊರಬಹುದಾದ ಪೂರ್ತಿ ಭಾರ. ಅದನ್ನು ನೆಲದಿಂದ ಗೇಣು ಎತ್ತಿ ನಿಲ್ಲಿಸುವುದು. ಕಲ್ಲಿಗೆ ತಾಗಿಯೂ ತಾಗದ ಹಾಗೆ ಅಡಿಯಲ್ಲಿ ಒಂದು ಬಿದಿರು ಕಡ್ಡಿ ನಿಲ್ಲಿಸುವುದು. ಆಮೇಲೆ ದೂರ ಕೂತು ನಿಧಾನಕ್ಕೆ ಒಂದು ಎಲೆಅಡಿಕೆ ಹಾಕುವುದು. ಬಾಯಿಯ ರಸ ಉಗುಳಿ ಎದ್ದು ಹೋಗಿ ಕಡ್ಡಿಯನ್ನು ಅಲ್ಲಾಡಿಸಿದರೆ ಸಲೀಸಾಗಿ ಆಡಬೇಕು. ಸಿಕ್ಕಿಕೊಂಡಿದ್ದರೆ ಕಲ್ಲು ಕೂದಲೆಳೆಯಷ್ಟು ಜಾರಿದೆ ಎಂದು ಅರ್ಥ. ಕ್ರೇನು ಅವತ್ತಿಗೇ ಬಂದ್.

ಹನ್ನೆರಡು ವರ್ಷದ ಹಿಂದೆ, ಭೀಮನ ಅಮಾವಾಸ್ಯೆಯ ದಿನ, ಕಲ್ಲಿನ ಬುಡದಲ್ಲಿ ನೀರು ನಿಲ್ಲುತ್ತದೆ ಎಂದು ಅದನ್ನು ಸೊಂಟದೆತ್ತರ ಎತ್ತಿ ಈಚೆಗೆ ತರುತ್ತಿದ್ದರು. ರಂಗಮ್ಮ ಪಕ್ಕದಲ್ಲೇ ಗುಡಿಸುತ್ತಿದ್ದಳು. ಕಲ್ಲಿಗೆ ಸುತ್ತಿದ ಸರಪಳಿಯ ಒಂದು ಕೊಂಡಿ ಸವೆದಿತ್ತು. ಅದು ಹರಿಯಿತು. ಶಬ್ದ ಬಂದದ್ದಷ್ಟೇ ಅವಳಿಗೆ ಗೊತ್ತು. ಕಣ್ಣು ಬಿಟ್ಟಾಗ ಕಲ್ಲು ಅವಳ ಪಕ್ಕದಲ್ಲೇ ನೆಟ್ಟಗೆ ನಿಂತಿತ್ತು. ಅವಳ ಸೆರಗಿನ ಚುಂಗು ಅದರ ಅಡಿಗೆ ಸಿಕ್ಕಿತ್ತು. ಕಟ್ಟಿಹಾಕಿದ ಕರುವಿನ ಹಾಗೆ ಅವಳು ಅಲ್ಲೇ ನಿಂತಳು. ಮಂಜುನಾಥಪ್ಪ ಕ್ಯಾಂಟೀನಿನಿಂದ ಚೂರಿ ತಂದು ಸೆರಗು ಕತ್ತರಿಸಿ ಅವಳನ್ನು ಬಿಡಿಸಿದ. ಅವಸರದಲ್ಲಿ ಅವಳ ತೋಳಿಗೂ ಗೀರಾಯಿತು.

"ಸರಪಳಿ ಮುಟ್ಟಿ ನೋಡ್ಲಿಲ್ಲ ಅಕ್ಕ. ಕಣ್ಣಲ್ಲಿ ನೋಡಿ ಬಿಟ್ಟೆ" ಅಂದ.

ಅವಳಿಗೆ ಸರಪಳಿಯ ವಿಚಾರ ತಲೆಗೆ ಹೋಗಲಿಲ್ಲ. ತಲೆಗೆ ಹೋದದ್ದು ಒಂದೇ: ಕಲ್ಲು ತನ್ನನ್ನು ಉಳಿಸಿತು. ಮಾರನೇ ದಿನ ಒಂದು ದಾಸವಾಳ ಇಟ್ಟಳು. ಮಂಗಳವಾರ ದೀಪ ಹಚ್ಚಿದಳು. ಲಾರಿಯವರು ಕುಂಕುಮ ಇಟ್ಟರು. ಆಯುಧಪೂಜೆಗೆ ಕಾಯಿ ಬಂತು, ಮರುವರ್ಷ ಗಂಟೆ ಬಂತು, ಅದರ ಮರುವರ್ಷ ನಾಲ್ಕು ಕಂಬ ನೆಟ್ಟು ತಗಡಿನ ಮಾಡು ಹಾಕಿದರು. ಕೂಲಿಯವರ ಲೈನು ಮನೆಯ ಹೆಂಗಸರು ಬಾಣಂತಿಯರನ್ನು ಅಲ್ಲಿಗೆ ಕರೆತಂದರು. ಧಣಿಗಳಿಗೂ ಸಂತೋಷವಾಯಿತು, ದೇವರಿರುವ ಯಾರ್ಡಿನಲ್ಲಿ ಗಲಾಟೆ ಕಡಿಮೆ.

ಆ ಘಟನೆಯ ಮುಂದಿನ ಅಮಾವಾಸ್ಯೆಗೆ ಮಂಜುನಾಥಪ್ಪ ಹುಕ್ಕು ತಂದು ಕಲ್ಲಿನ ಮೇಲೆ ನಿಲ್ಲಿಸಿದ್ದ. ಅವಳು ಆಗಷ್ಟೇ ದೀಪ ಹಚ್ಚಿ ಕೈಮುಗಿದಿದ್ದಳು. ಅವನು ಅವಳ ತೋಳಿನ ಗೀರು ನೋಡಿದ. ಹುಕ್ಕನ್ನು ಆಚೆ ತೆಗೆದುಕೊಂಡು ಹೋದ. ಅಂದಿನಿಂದ ಬ್ರೇಕು ನೋಡಲು ಆರು ಟನ್ನಿನ ಒಂದು ಒಡಕು ಕಲ್ಲು. ಇನ್ನೊಂದು ಹತ್ತು ಟನ್ನಿನದು ಕೊಡಿ ಎಂದು ಎಷ್ಟೋ ಸಲ ಕೇಳಿದ. ಅಷ್ಟು ದೊಡ್ಡ ಕಲ್ಲು ಸುಮ್ಮನೆ ಬಿದ್ದಿರಲು ಯಾರು ಬಿಡುತ್ತಾರೆ? ಬಂದ ಬಂದ ಹಾಗೆ ಕೊಯ್ದು ಕಳಿಸಿದರು.

*

ಹತ್ತೂವರೆಗೆ ಮ್ಯಾನೇಜರು ಉಮಾಮಹೇಶ್ವರ ಬಂದರು. ಆಯುಧಪೂಜೆಯ ದಿನ. ರಸ್ತೆಯಲ್ಲಿ ಹೋಗುವ ಬಸ್ಸು, ಬೈಕುಗಳಿಗೆಲ್ಲ ಸೇವಂತಿಗೆ ಹಾರ, ಬಾಳೆಕಂದು. ಅವರ ಜೀಪಿಗೆ ಮಾತ್ರ ಏನೂ ಇರಲಿಲ್ಲ. ಹೊರಡುವ ಮೊದಲು ತೆಗೆಸಿದ್ದರೋ ಏನೋ, ಬಾನೆಟ್ಟಿನ ಮೇಲೆ ಅರಿಸಿನದ ಬೊಟ್ಟು ಉಳಿದಿತ್ತು. ದೊಡ್ಡ ಹಾರ ತಂದು ಹೆಣದ ಮೇಲೆ ಇಟ್ಟರು. ಕಣ್ಣು ಒರೆಸಿಕೊಂಡರು. ಕೆಟ್ಟ ಮನುಷ್ಯರಲ್ಲ. ಮಂಜುನಾಥಪ್ಪನನ್ನು ಏಕವಚನದಲ್ಲಿ ಕರೆದವರಲ್ಲ.

ಆಮೇಲೆ ಕಂಕುಳಲ್ಲಿದ್ದ ಫೈಲು ತೆಗೆದು, ಕಂಬಕ್ಕೊರಗಿ ಕೂತಿದ್ದ ವರದಮ್ಮನ ಹತ್ತಿರ ಕುಳಿತರು. ವರದಮ್ಮ ಮಂಡಗದ್ದೆಯ ಕಡೆಯಿಂದ ಬಂದ ಹೆಣ್ಣು. ಮೂವತ್ತು ವರ್ಷ ಸಂಸಾರ ಮಾಡಿದವಳು, ಒಂದೇ ರಾತ್ರಿಯಲ್ಲಿ ಇಷ್ಟೇ ಇಷ್ಟಾಗಿದ್ದಳು. ಪೊಲೀಸಿನವರಿಗೆ ಇವತ್ತೇ ಒಂದು ಹೇಳಿಕೆ ಹೋಗಬೇಕು, ಮನೆಯವರ ಸಹಿ ಬೇಕು ಎಂದು ಮ್ಯಾನೇಜರು ಮೆಲ್ಲಗೆ ತಿಳಿಸಿದರು. ವರದಮ್ಮ ಮಗಳ ಕಡೆ ನೋಡಿದಳು. ಮಗಳು ಸಿಂಚನಾ ಕಾಗದ ತೆಗೆದುಕೊಂಡಳು. ರಿಪ್ಪನ್‌ಪೇಟೆಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗಿ. ಚೀಟಿ ಓದಿ ಓದಿ ಅವಳ ಕಣ್ಣು ಚುರುಕು.

ಅದರಲ್ಲಿದ್ದದ್ದು ಇಷ್ಟು. ಕ್ರೇನು ಸುಸ್ಥಿತಿಯಲ್ಲಿತ್ತು. ಇದೇ ತಿಂಗಳು ಮೃತರೇ ಪೂರ್ಣ ಭಾರದ ಪರೀಕ್ಷೆ ಮಾಡಿ ಸರಿಯಿದೆ ಎಂದು ಸಹಿ ಹಾಕಿದ್ದಾರೆ. ಎತ್ತಿದ ಭಾರದ ಕೆಳಗೆ ಹೋಗಬಾರದೆಂಬ ನಿಯಮವಿದ್ದರೂ ಮೃತರು ಅಜಾಗರೂಕತೆಯಿಂದ ತಾವಾಗಿಯೇ ಹೋದರು.

"ನಮ್ಮಪ್ಪ ಅಜಾಗರೂಕ ಅಂತ ಬರೀತೀರಾ ಸರ್?" ಅಂದಳು ಸಿಂಚನಾ. "ನಮ್ಮನೆ ಗ್ಯಾಸ್ ಪೈಪನ್ನ ವಾರಕ್ಕೊಂದ್ಸಲ ಸೋಪಿನ ನೀರು ಹಾಕಿ ನೋಡೋರು ಅವ್ರು."

"ನಾನು ಬರೆದದ್ದಲ್ಲಮ್ಮ. ಬ್ರೇಕು ಸರಿ ಇತ್ತು ಅಂತ ಅವರೇ ಬರೆದಿದ್ದಾರೆ. ನೋಡು." ಫೈಲು ಬಿಚ್ಚಿ ಅವಳ ಮುಂದಿಟ್ಟರು.

ರಂಗಮ್ಮ ಉಗುರು ತಿಕ್ಕುವ ಕಡ್ಡಿ ಕೆಳಗಿಟ್ಟು ಎದ್ದು ಬಂದಳು. ಅವಳಿಗೆ ಓದಲು ಬರುವುದಿಲ್ಲ. ಅದು ತಮ್ಮನ ಅಕ್ಷರ ಎಂಬುದು ಮಾತ್ರ ಗೊತ್ತಾಗುತ್ತಿತ್ತು. ಒತ್ತಿ ಒತ್ತಿ ಬರೆದು ಕಾಗದದ ಹಿಂದೆ ಉಬ್ಬಿರುವ ಅಕ್ಷರ.

"ಎಂತ ಬರ್ದಿದಾನೆ ಓದು ಮಗಾ."

ಸಿಂಚನಾ ಓದಿದಳು. ವೈರ್‌ರೋಪು, ಸರಿ. ಹುಕ್ಕು, ಸರಿ. ಲಿಮಿಟ್ ಸ್ವಿಚ್ಚು, ಸರಿ. ಗಾಲಿ ಮತ್ತು ಹಳಿ, ಎಡಬದಿಯ ಎರಡು ಬೋಲ್ಟು ಬದಲಿಸಿದೆ. ಬ್ರೇಕು, ಹತ್ತು ಟನ್ ಎತ್ತಿ ಹತ್ತು ನಿಮಿಷ ನಿಲ್ಲಿಸಿದೆ, ಸರಿ.

"ಹತ್ತು ಟನ್ ಅಂತ ಇದ್ಯಾ?"

"ಇದೆ ಅತ್ತೆ."

"ಹಿಂದಿನ ತಿಂಗಳದ್ದು ನೋಡು."

ಹಿಂದಿನ ತಿಂಗಳದ್ದೂ ಹಾಗೇ ಇತ್ತು. ಅದರ ಹಿಂದಿನದೂ. ಸಿಂಚನಾ ಹಾಳೆ ಮಗುಚುತ್ತಾ ಹೋದಳು. ಒಂದು ವರ್ಷ, ಎರಡು ವರ್ಷ, ಹಾಳೆಯ ಬಣ್ಣ ಹಳದಿಗೆ ತಿರುಗುತ್ತಾ ಹೋಯಿತು. ಎಲ್ಲದರಲ್ಲೂ ಹತ್ತು ಟನ್, ಹತ್ತು ನಿಮಿಷ, ಸರಿ. ಹನ್ನೆರಡು ವರ್ಷದಿಂದ ಆ ಕಲ್ಲು ನೆಲ ಬಿಟ್ಟಿರಲಿಲ್ಲ. ಹನ್ನೆರಡು ವರ್ಷದಿಂದ ಅವನು ಪ್ರತಿ ಅಮಾವಾಸ್ಯೆಗೂ ಅದನ್ನು ಕಾಗದದ ಮೇಲೆ ಎತ್ತಿ ಇಳಿಸಿದ್ದ.

ಅಮಾವಾಸ್ಯೆಯ ಸಂಜೆ ಅವನು ಊಟ ಬೇಡ ಅನ್ನುತ್ತಿದ್ದದ್ದು ಅವಳಿಗೆ ನೆನಪಾಯಿತು. ಒಪ್ಪತ್ತು ಇರಬೇಕು ಎಂದು ತಿಳಿದಿದ್ದಳು.

*

ಭಾನುವಾರ ಬೆಳಿಗ್ಗೆ ಅವನು ಅವಳ ಮನೆಗೆ ಬಂದಿದ್ದ. ಅವಳು ಬಾಗಿಲಲ್ಲಿ ಕೂತು ಆಯುಧಪೂಜೆಗೆಂದು ಕಲ್ಲಿನ ಮುಂದಿನ ಗಂಟೆಯನ್ನು ಹುಣಸೆಹಣ್ಣು ಹಾಕಿ ಬೆಳಗುತ್ತಿದ್ದಳು. ಅವನು ಒಳಗೆ ಬಾರದೆ ಮೆಟ್ಟಿಲ ಮೇಲೆ ಕೂತ.

ಬ್ರೇಕು ಸೋಮಾರಿಯಾಗಿದೆ ಎಂದ. ಸಣ್ಣ ಕಲ್ಲಿಗೆ ಹಿಡಿಯುತ್ತದೆ, ಆರು ಟನ್ನಿಗೂ ಹಿಡಿಯುತ್ತದೆ. ದೊಡ್ಡದು ಎತ್ತಿದರೆ ಪೂರ್ಣೇಶ್ ನಿಲ್ಲಿಸಿದ ಮೇಲೂ ಅಷ್ಟು ದೂರ ಜಾರಿ ನಿಲ್ಲುತ್ತದೆ. ಮೂರು ದಿನದಿಂದ ಇಬ್ಬರೂ ಅದನ್ನೇ ಗಮನಿಸುತ್ತಿದ್ದೇವೆ. ಒಳಗೆ ಒತ್ತಿ ಹಿಡಿಯುವ ಲೈನರು ಸವೆದಿದೆ. ಹೊಸದು ಬರುವ ತನಕ ಕ್ರೇನು ನಿಲ್ಲಿಸಿ ಎಂದರೆ ಮ್ಯಾನೇಜರು ನಂಬುವುದಿಲ್ಲ.

"ಎಂತಕ್ಕೆ ನಂಬಲ್ಲ?" ಎಂದು ಅವಳು ಕೇಳಿದ್ದಳು.

ಅವನು ಅಂಗೈ ನೋಡಿಕೊಂಡ.

"ಒಂದ್ಸಲ ಎತ್ತಿ ತೋರಿಸ್ತೀನಿ ಅಕ್ಕ. ಪೂರ್ತಿ ತೂಕಕ್ಕೆ ಹೇಗೆ ಜಾರ್ತದೆ ಅಂತ ಅವ್ರೇ ನೋಡ್ಲಿ. ಎತ್ತಿ ಅಲ್ಲೇ ಇಡ್ತೀನಿ, ಒಂದಂಗುಲ ಆಚೀಚೆ ಆಗಲ್ಲ. ತಗಡು ನಾನೇ ಬಿಚ್ಚಿ ನಾನೇ ಹಾಕ್ತೀನಿ. ಹುಡುಗ್ರು ನೀನು ಹೂಂ ಅಂದ್ರೆ ಆಯ್ತು ಅಂದಿದಾರೆ."

"ಹಬ್ಬದ ಹೊತ್ನಲ್ಲಿ ದೇವ್ರನ್ನ ಸರಪಳೀಲಿ ಕಟ್ಟಿ ನೇತಾಕ್ತೀಯಾ?"

"ನೆಲ ಬಿಟ್ಟು ಗೇಣು ಅಷ್ಟೇ."

"ಆಯುಧಪೂಜೆ ಕಳೀಲಿ ಮಂಜ. ಮೂರೇ ದಿನ. ಆಮೇಲೆ ನೋಡನ."

ಅವನು ಎರಡನೇ ಸಲ ಕೇಳಲಿಲ್ಲ. ಅವಳಿಗೆ ಅವನು ಯಾವತ್ತೂ ಏನನ್ನೂ ಎರಡನೇ ಸಲ ಕೇಳಿದವನಲ್ಲ. ಹೋಗುವಾಗ ಅವಳು ಬೆಳಗಿದ ಗಂಟೆಯನ್ನು ಎತ್ತಿ, ನಾಲಿಗೆಯ ಕೊಂಡಿ ಭದ್ರವಾಗಿದೆಯೋ ಎಂದು ಜಗ್ಗಿ ನೋಡಿ ಕೆಳಗಿಟ್ಟ.

*

"ಆ ಬರ್ದಿದ್ದು ಸುಳ್ಳು" ಅಂದಳು ರಂಗಮ್ಮ.

ಸಿಂಚನಾ ತಲೆ ಎತ್ತಿದಳು. ರಂಗಮ್ಮ ಉಸಿರು ಕಟ್ಟಿಕೊಂಡು ಎಲ್ಲವನ್ನೂ ಹೇಳಿದಳು. ಆ ಕಲ್ಲು ದೇವರಲ್ಲ, ಬ್ರೇಕು ನೋಡಲು ಇಟ್ಟ ತೂಕ. ತಾನೇ ಹೂ ಇಟ್ಟು ಅದನ್ನು ಹಾಳು ಮಾಡಿದೆ. ಹನ್ನೆರಡು ವರ್ಷದಿಂದ ಪೂರ್ತಿ ಭಾರದ ಪರೀಕ್ಷೆ ನಡೆದೇ ಇಲ್ಲ. ಅವನು ತಗಡು ಬಿಚ್ಚಿ ಅಂದದ್ದು ದೇವರ ಮೇಲಿನ ಹಟಕ್ಕಲ್ಲ, ನಿಮ್ಮ ತಲೆ ಉಳಿಸಲಿಕ್ಕೆ. ಬೇಡ ಎಂದವಳು ನಾನು. ಬರೆಯುವುದಾದರೆ ನನ್ನ ಹೆಸರು ಬರೆಯಿರಿ.

ಹೇಳುತ್ತಾ ಹೋದ ಹಾಗೆ ಸಿಂಚನಾಳ ಮುಖ ಬದಲಾದದ್ದು ಅವಳಿಗೆ ಕಾಣುತ್ತಿತ್ತು. ನಿಲ್ಲಿಸಲು ಆಗಲಿಲ್ಲ.

"ಅಂದ್ರೆ ಅಪ್ಪ ಪ್ರತಿ ತಿಂಗಳೂ ಸುಳ್ಳು ಬರ್ದು ಸಹಿ ಹಾಕಿದ್ರಾ ಅತ್ತೆ?"

ರಂಗಮ್ಮನಿಗೆ ಬೇರೆ ದಾರಿ ಇರಲಿಲ್ಲ. ಹೌದು ಎಂದಳು.

ಮ್ಯಾನೇಜರು ಕನ್ನಡಕ ತೆಗೆದು ಒರೆಸಿದರು. ತಗಡು ಬಿಚ್ಚಬೇಕು ಎಂದು ಮಂಜುನಾಥಪ್ಪ ತಮ್ಮ ಹತ್ತಿರವೂ ಬಂದದ್ದು ನಿಜ ಎಂದು ಒಪ್ಪಿಕೊಂಡರು. ವಾರದ ಹಿಂದೆ ಸರಿಯಿದೆ ಎಂದು ನೀವೇ ಬರೆದು ಕೊಟ್ಟಿದ್ದೀರಲ್ಲ, ಈಗ ಸರಿಯಿಲ್ಲ ಎಂದರೆ ಹೇಗೆ ಎಂದು ಕೇಳಿದ್ದಕ್ಕೆ ಅವರು ಸುಮ್ಮನೆ ಎದ್ದು ಹೋದರಂತೆ.

"ನಾನು ಅಜಾಗರೂಕತೆ ಅಂತ ಮಾತ್ರ ಬರೆಸಿದ್ದೆ ರಂಗಮ್ಮ. ನೀವು ಹೇಳೋದು ಅದಕ್ಕಿಂತ ದೊಡ್ಡದು. ಪರೀಕ್ಷೆ ಮಾಡದೆ ಮಾಡಿದೆ ಅಂತ ಬರೆಯೋದು ಅಪರಾಧ. ಇದನ್ನೆಲ್ಲ ಸೇರಿಸಿದ್ರೆ ಅವರ ಹೆಸರು ಏನಾಗ್ತದೆ ಯೋಚನೆ ಮಾಡಿ. ನಾನು ಕೇಳಿಸಿಕೊಂಡಿಲ್ಲ ಅಂತ ಇಟ್ಕೊಳ್ತೀನಿ."

ರಂಗಮ್ಮ ಪೂರ್ಣೇಶನ ಕಡೆ ತಿರುಗಿದಳು. ಒಂದು ಮಾತು ಬಾಕಿ ಇತ್ತು. ಅದನ್ನು ಬೆಳಗಿನ ಜಾವ ಅವನೇ ಅವಳ ಹತ್ತಿರ ಅಳುತ್ತಾ ಹೇಳಿದ್ದ. ನಿನ್ನೆ ಲಾರಿಯ ಮೇಲೆ ಕಲ್ಲಿನ ಅಡಿಗೆ ಮರದ ದಿಮ್ಮಿ ಕೊಡಲು ಇನ್ನೊಬ್ಬ ಕೂಲಿಯ ಸರದಿ ಇತ್ತು. ಮಂಜುನಾಥಪ್ಪ ಅವನನ್ನು ತಡೆದು, ನೀನು ಇರು, ಇದು ಜಾರ್ತದೆ, ನಂಗೆ ಗೊತ್ತಿದೆ ಎಂದು ತಾನೇ ಹತ್ತಿದ್ದ.

"ನೀನು ಹೇಳಾ ಪೂರ್ಣೇಶ. ಅವ್ನು ಎಂತಕ್ಕೆ ಕೆಳಗೆ ಹೋದ ಹೇಳು."

ಪೂರ್ಣೇಶ್ ನೆಲ ನೋಡಿದ. ಜಾರುತ್ತದೆ ಎಂದು ಗೊತ್ತಿದ್ದೂ ಎತ್ತಿದವನು ಯಾರು ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತಿತ್ತು. ಅವನಿಗೆ ಮನೆಯಲ್ಲಿ ಎರಡು ಚಿಕ್ಕ ಮಕ್ಕಳು.

"ನಂಗೆ ಮೇಲಿಂದ ಸರಿ ಕಾಣ್ಲಿಲ್ಲ ದೊಡ್ಡಮ್ಮ" ಅಂದ. ಕಂಕುಳಿನ ಕೈ ಇನ್ನೂ ಒಳಗೆ ಹೋಯಿತು.

ಚಟ್ಟದ ಹತ್ತಿರ ಮುದುಕ ರವೀಶನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಹನ್ನೆರಡು ವರ್ಷದಿಂದ ಆ ಕಲ್ಲಿನ ಹೆಸರಲ್ಲಿ ಸುಳ್ಳು ಸಹಿ ಹಾಕ್ತಿದ್ದ ಅಂತಾಯ್ತು, ಕಲ್ಲು ಇಷ್ಟು ದಿನ ತಡ್ಕೊಂಡಿದ್ದೇ ಹೆಚ್ಚು. ರವೀಶ್ ಹೂಂಗುಟ್ಟಿದ.

ರಂಗಮ್ಮ ಇನ್ನೂ ಏನೋ ಹೇಳಲು ಹೋದಳು. ವರದಮ್ಮ ಅವಳ ಮೊಣಕೈ ಹಿಡಿದಳು. ಬೆಳಗಿನಿಂದ ಅವಳು ಆಡಿದ ಮೊದಲ ಮಾತು ಅದು.

"ಸಾಕು ಮಾಡಿ ಅತ್ತಿಗೆ. ಮನೇಲಿಂದ ಹೊರಡೋ ಹೊತ್ತು. ಅವ್ರು ಇನ್ನೂ ಎಂತೆಂತ ಮಾಡಿದ್ರು ಅಂತ ಹೇಳ್ತೀರಿ?"

ಪೆನ್ನು ತೆಗೆದುಕೊಂಡು ಮ್ಯಾನೇಜರು ತೋರಿಸಿದ ಕಡೆ ಸಹಿ ಹಾಕಿದಳು. ಸಿಂಚನಾ ಬೇಡ ಎನ್ನಲಿಲ್ಲ. ಫೈಲು ಮುಚ್ಚಿ ಅವರ ಕೈಗೆ ಕೊಟ್ಟಳು, ಕೊಟ್ಟು ಒಳಗೆ ಹೋದಳು. ಅವಳು ಅತ್ತೆಯ ಮುಖ ನೋಡಲಿಲ್ಲ. ಅಪ್ಪನ ಮುಖವನ್ನೂ ನೋಡಲಿಲ್ಲ.

ಹನ್ನೆರಡಕ್ಕೆ ಸರಿಯಾಗಿ ಹೆಣ ಎತ್ತಿದರು. ರವೀಶ್ ಮಡಕೆ ಹಿಡಿದು ಮುಂದೆ ನಡೆದ. ಸ್ಮಶಾನಕ್ಕೆ ಹತ್ತಿರದ ದಾರಿ ಇದ್ದದ್ದು ಯಾರ್ಡಿನ ಒಳಗಿನಿಂದ. ಮೂವತ್ತು ವರ್ಷ ದುಡಿದ ಜಾಗ, ಒಂದು ಸುತ್ತು ಹಾಕಿಸಿಕೊಂಡು ಹೋಗೋಣ ಎಂದು ಒಬ್ಬಿಬ್ಬರು ಅಂದರು. ಹಬ್ಬದ ದಿನ ಹೆಣ ಕಲ್ಲಿನ ಮುಂದೆ ಹಾಯಬಾರದು ಎಂದು ಉಳಿದವರು ಅಂದರು. ಗೇಟಿನ ಎದುರು ಕ್ಷಣ ಹೊತ್ತು ಹೆಗಲು ಬದಲಾಯಿಸಿ, ಸುತ್ತು ದಾರಿಯಲ್ಲಿ ಹೋದರು.

*

ಹೆಂಗಸರು ಮನೆ ತೊಳೆಯಲು ತೊಡಗಿದಾಗ ರಂಗಮ್ಮ ಹಿತ್ತಿಲ ಬಾಗಿಲಿನಿಂದ ಹೊರಟಳು. ಕೈಯಲ್ಲಿ ಒಂದು ಬಕೆಟ್ಟು, ಅದರೊಳಗೆ ತೆಂಗಿನ ನಾರು, ಒಂದು ಹಳೆಯ ಕತ್ತಿ. ಯಾರ್ಡಿನ ಗೇಟಿನಲ್ಲಿ ಯಾರೂ ಇರಲಿಲ್ಲ. ಕ್ರೇನಿನ ಕಾಲಿಗೆ ಪೊಲೀಸರು ಪಟ್ಟಿ ಸುತ್ತಿದ್ದರು. ಲಾರಿ ನಿಂತ ಜಾಗದಲ್ಲಿ ಯಾರೋ ಎಂ-ಸ್ಯಾಂಡು ಸುರಿದು ಹರಡಿದ್ದರು. ಅವಳು ಅತ್ತ ನೋಡದೆ ಮೂಲೆಗೆ ನಡೆದಳು.

ಕಲ್ಲಿಗೆ ಹಬ್ಬಕ್ಕೆಂದು ಶನಿವಾರವೇ ಸುಣ್ಣದ ಪಟ್ಟೆ ಬಳಿದಿದ್ದರು. ಅವಳು ಗಂಟೆ ಬಿಚ್ಚಿ ಕೆಳಗಿಟ್ಟಳು. ದೀಪ ತೆಗೆದಳು. ಒಣಗಿದ ಹಾರಗಳನ್ನು ಕತ್ತಿಯಿಂದ ಕೊಯ್ದು ಎಸೆದಳು. ತಗಡಿಗೆ ಕೈ ಎಟುಕಲಿಲ್ಲ. ನಲ್ಲಿಯಿಂದ ಒಂದು ಬಕೆಟ್ ನೀರು ತಂದು ಹೊಯ್ದು, ನಾರಿನಿಂದ ತಿಕ್ಕಲು ಶುರು ಮಾಡಿದಳು. ಕುಂಕುಮ ಕೆಂಪಗೆ ಹರಿದು ಕಾಲಿನ ಬಳಿ ನಿಂತಿತು. ಅದರ ಕೆಳಗೆ ಎಣ್ಣೆಯ ಜಿಡ್ಡು, ಹಲಗೆಯ ಹಾಗೆ ಗಟ್ಟಿ. ಕತ್ತಿಯ ಹಿಂಬದಿಯಿಂದ ಕೆರೆದಳು. ಕೆರೆದಷ್ಟೂ ಬಂತು. ಹನ್ನೆರಡು ವರ್ಷದ ಎಣ್ಣೆ. ಬಹುಪಾಲು ಅವಳೇ ಹೊಯ್ದದ್ದು.

ಎಷ್ಟು ಹೊತ್ತಾಯಿತೋ, ಹಿಂದೆ ಬಳೆಯ ಸದ್ದು ಕೇಳಿಸಿತು. ಲೈನು ಮನೆಯ ಆರೇಳು ಹೆಂಗಸರು, ಕೈಯಲ್ಲಿ ಹೂವಿನ ತಟ್ಟೆ, ಕಾಯಿ, ಊದಿನಕಡ್ಡಿ. ಯಾರ್ಡಿನ ಪೂಜೆ ನಿಂತಿದ್ದರೂ ಕಲ್ಲಿನ ಕೋಪ ಇಳಿಯಲಿ ಎಂದು ಬಂದಿದ್ದರು. ರಂಗಮ್ಮನನ್ನು ಕಂಡು ದೂರದಲ್ಲೇ ನಿಂತರು.

ರಂಗಮ್ಮ ತಿರುಗಿ ನೋಡಿದಳು. ಸೆರಗು, ಕೈ, ಮೊಣಕಾಲು ಎಲ್ಲ ಕೆಂಪಾಗಿತ್ತು.

"ಇದು ದೇವ್ರಲ್ಲ ಕಣ್ರೇ. ತೂಕದ ಕಲ್ಲು. ನಾನು ಮಾಡಿದ ಕೆಲ್ಸ ಇದು. ಇದ್ರಿಂದ ಅವ್ನು ಸತ್ತ."

ಅವರು ಒಬ್ಬರ ಮುಖ ಒಬ್ಬರು ನೋಡಿದರು. ಮಾತು ಅವರನ್ನು ಮುಟ್ಟಲಿಲ್ಲ.

"ನಂಗೆ ಸೂತಕ" ಎಂದಳು ರಂಗಮ್ಮ, ಬೇಕೆಂದೇ ಎರಡೂ ಅಂಗೈಯನ್ನು ಕಲ್ಲಿನ ನೆತ್ತಿಯ ಮೇಲೆ ಒತ್ತಿ. "ಹೆಣ ಮುಟ್ಟಿದ ಕೈ. ಸ್ನಾನ ಮಾಡಿಲ್ಲ. ಇದನ್ನ ಮುಟ್ಟಿದೀನಿ. ಇನ್ನು ನೀವು ಮುಟ್ಬೇಡಿ, ಹೋಗಿ."

ಎಲ್ಲರಿಗಿಂತ ಹಿರಿಯಳೊಬ್ಬಳು ತಟ್ಟೆಯನ್ನು ಪಕ್ಕದವಳಿಗೆ ಕೊಟ್ಟು ಮುಂದೆ ಬಂದಳು. ಅವಳ ಕಣ್ಣಲ್ಲಿ ನೀರಿತ್ತು.

"ನಿನ್ನ ಸೂತಕ ಅದಕ್ಕೆ ಲೆಕ್ಕ ಇಲ್ಲ ರಂಗಕ್ಕ. ತಮ್ಮ ಮಾಡಿದ ತಪ್ಪಿಗೆ ಅಕ್ಕ ಬಂದು ತೊಳೀತಿದಾಳೆ ಅಂತ ಅದಕ್ಕೂ ಗೊತ್ತಾಗ್ತದೆ. ತೊಳಿ. ನಾವು ಕಾಯ್ತೀವಿ."

"ಅವ್ನು ತಪ್ಪು ಮಾಡ್ಲಿಲ್ಲ" ಎಂದಳು ರಂಗಮ್ಮ.

"ಆಯ್ತು ಆಯ್ತು" ಎಂದಳು ಆಕೆ, ಮಗುವಿಗೆ ಹೇಳುವ ಹಾಗೆ.

ರಂಗಮ್ಮ ಮತ್ತೆ ಬಾಗಿದಳು. ನಾರು ಹಿಡಿದು ಇನ್ನೂ ಜೋರಾಗಿ ತಿಕ್ಕಿದಳು. ಜಿಡ್ಡು ಬಿಟ್ಟ ಕಡೆ ಕಲ್ಲು ಕರ್ರಗೆ, ಹೊಸದಾಗಿ, ಕನ್ನಡಿಯಂತೆ ಹೊಳೆಯತೊಡಗಿತು. ಹಿಂದೆ ಹೆಂಗಸರು ಚಪ್ಪಲಿ ಬಿಟ್ಟು ಸಾಲಾಗಿ ನಿಂತರು. ಬಕೆಟ್ಟು ಬರಿದಾದದ್ದು ಅವಳಿಗೆ ತಿಳಿಯಲಿಲ್ಲ. ಅವಳು ಕೈ ಚಾಚಿದಾಗ ಒಬ್ಬಳು ಅದನ್ನು ನಲ್ಲಿಗೆ ಒಯ್ದು ತುಂಬಿಸಿ ತಂದು, ಅವಳ ಪಕ್ಕದಲ್ಲಿಟ್ಟು, ಹಿಂದೆ ಸರಿದು ಕೈಮುಗಿದಳು.